ಟೋಪಿ ಮತ್ತು 'ದೌ': 17ನೆಯ ಶತಮಾನದ ಇಂಗ್ಲಿಷಿನಲ್ಲಿ ಮರ್ಯಾದೆಯ ಭಾಷೆ

ಇಂಗ್ಲಿಷಿನಲ್ಲಿ ಬಳಕೆ ತಪ್ಪಿರುವ 'ದೌ' ಎಂಬ ಸರ್ವನಾಮವು ಕನ್ನಡದ 'ನೀನು' ಎಂಬುದಕ್ಕೆ ಸಮೀಪವಾದುದು. ಆಪ್ತರಿಗೂ ಕಿರಿಯರಿಗೂ ದೇವರಿಗೂ ಸಲ್ಲುತ್ತಿದ್ದ ಈ ಏಕವಚನವನ್ನು ಮೇಲಿನವರಿಗೆ ಬಳಸಿದರೆ ಅದು ಅಪಮಾನವೆನಿಸುತ್ತಿತ್ತು. 1603ರಲ್ಲಿ ಸರ್ ವಾಲ್ಟರ್ ರಾಲಿಯ ವಿಚಾರಣೆಯಲ್ಲಿ ಅಟಾರ್ನಿ ಜನರಲ್ ಎಡ್ವರ್ಡ್ ಕೋಕ್ ಆತನನ್ನು ಬೇಕೆಂದೇ ಏಕವಚನದಲ್ಲಿ ಹಳಿದನು.

ಜಾರ್ಜ್ ಫಾಕ್ಸನ ಅನುಯಾಯಿಗಳಾದ ಕ್ವೇಕರರು ಈ ಭೇದವನ್ನೇ ನಿರಾಕರಿಸಿದರು. ನ್ಯಾಯಾಧೀಶನನ್ನೂ 'ದೌ' ಎಂದೇ ಸಂಬೋಧಿಸಿದರು. ಪ್ರಾರ್ಥನೆಯಲ್ಲಿ ತೆಗೆಯುತ್ತಿದ್ದ ಟೋಪಿಯನ್ನು ಮನುಷ್ಯರ ಮುಂದೆ ತೆಗೆಯಲು ಒಪ್ಪಲಿಲ್ಲ. ಒಬ್ಬನಿಗೆ ಬಹುವಚನ ಸಲ್ಲದೆಂದು ತೋರಿಸಲು ಫಾಕ್ಸ್ ಮತ್ತು ಸಂಗಡಿಗರು 1660ರಲ್ಲಿ ಹಲವು ಭಾಷೆಗಳ ವಚನರೂಪಗಳನ್ನು ಜೋಡಿಸಿ ಒಂದು ಗ್ರಂಥವನ್ನೇ ಹೊರತಂದರು.

ಇದರ ಬೆಲೆ ಸಣ್ಣದಾಗಿರಲಿಲ್ಲ. 1670ರಲ್ಲಿ ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯಕ್ಕೆ ವಿಲಿಯಂ ಪೆನ್ ಮತ್ತು ವಿಲಿಯಂ ಮೀಡ್ ಬರಿದಲೆಯಲ್ಲಿ ಬಂದಾಗ, ನ್ಯಾಯಪೀಠವೇ ಅವರಿಗೆ ಟೋಪಿ ಹಾಕಿಸಿ, ಬಳಿಕ ತೆಗೆಯಲಿಲ್ಲವೆಂದು ತಲಾ 40 ಮಾರ್ಕ್ ದಂಡ ವಿಧಿಸಿತು! ಅವರನ್ನು ತಪ್ಪಿತಸ್ಥರೆನ್ನಲೊಪ್ಪದ ಜ್ಯೂರಿಯವರೂ ಸೆರೆಮನೆ ಸೇರಿದರು. ಅವರಲ್ಲೊಬ್ಬನಾದ ಎಡ್ವರ್ಡ್ ಬುಶೆಲನ ಪ್ರಕರಣದಲ್ಲಿ, ತೀರ್ಪಿಗಾಗಿ ಜ್ಯೂರಿಯನ್ನು ದಂಡಿಸಲಾಗದೆಂಬ ತತ್ತ್ವ ನೆಲೆಗೊಂಡಿತು.

ಮುಂದೆ ಸಾಮಾನ್ಯ ಇಂಗ್ಲಿಷು, ಕೆಲವು ಉಪಭಾಷೆಗಳನ್ನು ಬಿಟ್ಟರೆ, ಎಲ್ಲರಿಗೂ ಬಹುವಚನದ 'ಯೂ' ಎಂಬುದನ್ನೇ ಸಲ್ಲಿಸಿತು. ಏಕವಚನವು ಕೆಲವು ಕ್ವೇಕರ್ ಮನೆಗಳಲ್ಲಿ, ಅದೂ ಕರ್ಮರೂಪವಾದ 'ದೀ' ಎಂಬುದಾಗಿ, 20ನೆಯ ಶತಮಾನದವರೆಗೂ ಉಳಿದಿತ್ತು.