ನೀಲಗಿರಿ ತಾರ್ ದಿನ

ತಮಿಳುನಾಡಿನ ರಾಜ್ಯಪ್ರಾಣಿಯಾದ ನೀಲಗಿರಿ ತಾರ್ ಎಂಬ ಕಾಡುಮೇಕೆಯ ದಿನವನ್ನು ಪ್ರತಿವರ್ಷ ಅಕ್ಟೋಬರ್ 7ರಂದು ಆಚರಿಸಲಾಗುತ್ತದೆ. ಇದನ್ನು ಇ.ಆರ್.ಸಿ. ಡೇವಿಡಾರ್ ಅವರ ಗೌರವಾರ್ಥ ಗೊತ್ತುಪಡಿಸಲಾಗಿದೆ.

ವೃತ್ತಿಯಿಂದ ವಕೀಲರಾಗಿದ್ದ ಅವರು ನೀಲಗಿರಿ ವನ್ಯಜೀವಿ ಸಂಘದ ಗೌರವ ಕಾರ್ಯದರ್ಶಿಗಳಾಗಿ ಸೇವೆ ಸಲ್ಲಿಸಿದರು. 1877ರಲ್ಲಿ ಬೇಟೆ ಮತ್ತು ಗಾಳದ ಹವ್ಯಾಸಿಗಳಿಂದ ಆರಂಭಗೊಂಡ ಈ ಸಂಘವು ಕ್ರಮೇಣ ಸಂರಕ್ಷಣೆಯತ್ತ ಹೊರಳಿತು. ಡೇವಿಡಾರರೂ ಬೇಟೆಯನ್ನು ತ್ಯಜಿಸಿದವರೇ. 1975ರಲ್ಲಿ ಅವರು ಕೈಗೊಂಡ ಅಧ್ಯಯನವು ಈ ಪ್ರಾಣಿಯನ್ನು ಕುರಿತ ಮೊದಮೊದಲ ಅಧ್ಯಯನಗಳಲ್ಲಿ ಒಂದು.

ಕಡಿದಾದ ಬಂಡೆಗಳೂ ಎತ್ತರದ ಹುಲ್ಲುಗಾವಲುಗಳೂ ತಾರ್‌ನ ನೆಲೆ. ನೀಲಗಿರಿಯ ಮುಕುರ್ತಿ ಅವುಗಳಲ್ಲೊಂದು. ಹುಲ್ಲುಗಾವಲಿನಲ್ಲಿ ನೆಡುತೋಪು ಹಬ್ಬಿದಷ್ಟೂ ಈ ನೆಲೆ ಕುಗ್ಗುತ್ತದೆ. ಎಣಿಕೆಯಿಲ್ಲದೆ ಅಳಿವು ತಿಳಿಯದು. ಪ್ರತಿಫಲ ಬಯಸದೆ ಒಬ್ಬರು ತೊಡಗಿದ ಆ ಕಾರ್ಯವು ಇಂದು ಸರ್ಕಾರದ ಯೋಜನೆಯಾಗಿದೆ: 2024ರ ಸಮೀಕ್ಷೆಯಲ್ಲಿ ರಾಜ್ಯದಲ್ಲಿ 1,031 ತಾರ್‌ಗಳು ಲೆಕ್ಕಕ್ಕೆ ಸಿಕ್ಕವು.