ಗಂಡಭೇರುಂಡ ನಾಣ್ಯಗಳು: ಲಾಂಛನ, ಬಳಕೆ ಮತ್ತು ಸಂಗ್ರಹ

ಹದ್ದಿನ ಚಿತ್ರವಿರುವ ನಾಣ್ಯ, ಪದಕ ಹಾಗೂ ಬಿಲ್ಲೆಗಳ ಸಂಗ್ರಹವು ನಾಣ್ಯಾಸಕ್ತರಲ್ಲಿ ಬಹುಕಾಲದಿಂದ ಬೆಳೆದುಬಂದ ಹವ್ಯಾಸ. ಈಜಿಪ್ಟಿನ ಟಾಲೆಮಿ ಅರಸರ ಬೆಳ್ಳಿಯ ನಾಣ್ಯಗಳಲ್ಲಿ ಸಿಡಿಲಿನ ಮೇಲೆ ನಿಂತ ಹದ್ದಿದೆ. ಗುಪ್ತರ ಚಿನ್ನದ ನಾಣ್ಯಗಳಲ್ಲಿ ಗರುಡಧ್ವಜವಿದೆ. ಕರ್ನಾಟಕದ ಮಟ್ಟಿಗೆ ಈ ಪರಂಪರೆಯ ವಿಶಿಷ್ಟ ರೂಪವೆಂದರೆ ಎರಡು ತಲೆಗಳ ಗಂಡಭೇರುಂಡ. ಈ ಲಾಂಛನವನ್ನು ಹೊತ್ತ ನಾಣ್ಯಗಳ ಸ್ವರೂಪವನ್ನೂ ಅವುಗಳ ಸಂಗ್ರಹವು ಎತ್ತುವ ಒಂದು ಪ್ರಶ್ನೆಯನ್ನೂ ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಗಂಡಭೇರುಂಡವನ್ನು ನಾಣ್ಯದ ಮೇಲೆ ಪ್ರಮುಖವಾಗಿ ತಂದವನು ವಿಜಯನಗರದ ಅಚ್ಯುತದೇವರಾಯ (1529-1542). ಅವನ ಚಿನ್ನದ ವರಹ ಸುಮಾರು 3.4 ಗ್ರಾಂ, ಅರ್ಧ ವರಹ ಸುಮಾರು 1.7 ಗ್ರಾಂ ತೂಗುತ್ತವೆ. ಮುಂಬದಿಯಲ್ಲಿ ಕೊಕ್ಕುಗಳಲ್ಲಿಯೂ ಉಗುರುಗಳಲ್ಲಿಯೂ ಆನೆಗಳನ್ನು ಹಿಡಿದ ಪಕ್ಷಿ. ಹಿಂಬದಿಯಲ್ಲಿ ನಾಗರಿ ಲಿಪಿಯ ಮೂರು ಸಾಲುಗಳಲ್ಲಿ ಪ್ರತಾಪಾಚ್ಯುತರಾಯ ಎಂಬ ಹೆಸರು. ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಒಂದು ಪಕ್ಷಿಯನ್ನೂ ನಾಲ್ಕು ಆನೆಗಳನ್ನೂ ಅಡಕಗೊಳಿಸಿದ ಅಚ್ಚು ಕೆತ್ತುವವನ ಕೈಚಳಕ ಗಮನಾರ್ಹವಾದುದು.

ಆನೆಗಳನ್ನು ಗಜಪತಿ ಅರಸರ ಸಂಕೇತವೆಂದು ಭಾವಿಸಿ, ಈ ಚಿತ್ರವನ್ನು ರಾಜಕೀಯ ವಿಜಯದ ಘೋಷಣೆಯೆಂದು ವ್ಯಾಖ್ಯಾನಿಸುವುದುಂಟು. ಆದರೆ ಲಾಂಛನದ ಬೇರು ಇದಕ್ಕಿಂತ ಬಹಳ ಹಿಂದಿನದು. ಬಳ್ಳಿಗಾವೆಯಲ್ಲಿ 1047ರಲ್ಲಿ ಬನವಾಸಿಯ ಆಡಳಿತ ನಡೆಸುತ್ತಿದ್ದ ಚಾವುಂಡರಾಯರಸನು ನಿಲ್ಲಿಸಿದ ಸ್ತಂಭದ ಮೇಲೆ ಮನುಷ್ಯದೇಹದ ಭೇರುಂಡವಿದೆ. 1117ರಲ್ಲಿ ಪ್ರತಿಷ್ಠಾಪಿತವಾದ ಬೇಲೂರಿನ ದೇವಾಲಯದ ಶಿಲ್ಪವೊಂದರಲ್ಲಿ ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ ಹಿಡಿಯುವ ಸರಪಣಿ ಕಾಣುತ್ತದೆ. ಬಲಶಾಲಿಗೂ ಮಿಗಿಲಾದ ಬಲಶಾಲಿಯೊಬ್ಬನಿದ್ದಾನೆ ಎಂಬ ಈ ಕಲ್ಪನೆ ಜನಪದ ಕಥನಕ್ಕೂ ಅಪರಿಚಿತವಲ್ಲ. ಅರಸನು ಹೊಸ ಚಿಹ್ನೆಯನ್ನು ಸೃಷ್ಟಿಸಲಿಲ್ಲ. ಜನರು ಆಗಲೇ ಬಲ್ಲ ಚಿಹ್ನೆಯನ್ನು ತನ್ನದಾಗಿಸಿಕೊಂಡನು ಎನ್ನುವುದು ಹೆಚ್ಚು ಸೂಕ್ತ.

ಮುಂದೆ ಮೈಸೂರು ಒಡೆಯರ ರಾಜಲಾಂಛನವಾಗಿ ಗಂಡಭೇರುಂಡವು ಪದಕಗಳಿಗೂ ಸರ್ಕಾರಿ ಜವಾನರ ಡವಾಲಿಯ ಹಿತ್ತಾಳೆ ಬಿಲ್ಲೆಗಳಿಗೂ ಇಳಿಯಿತು. ಇಂದಿನ ರಾಜ್ಯಲಾಂಛನದಲ್ಲಿಯೂ ಅದು ಮುಂದುವರಿದಿದೆ. ಹೀಗೆ ಒಂದೇ ಪಕ್ಷಿ ಅರಸನ ಖಜಾನೆಯಿಂದ ಜವಾನನ ಎದೆಯವರೆಗೂ ಪಯಣಿಸಿತು.

ಇನ್ನೊಂದು ಪಯಣವನ್ನು ನಾಣ್ಯಶಾಸ್ತ್ರದ ಗ್ರಂಥಗಳು ಅಷ್ಟಾಗಿ ಗಮನಿಸಿಲ್ಲ. ಚಲಾವಣೆ ನಿಂತ ವರಹಗಳು ಕಾಸಿನ ಸರಗಳಲ್ಲಿ ಪೋಣಿಸಲ್ಪಟ್ಟವು, ದೇವರ ಪೆಟ್ಟಿಗೆ ಸೇರಿದವು. ಕ್ಷೇತ್ರಕಾರ್ಯದ ಸಂದರ್ಭದಲ್ಲಿ ಕೊಂಡಿ ಬೆಸೆದ ಗಂಡಭೇರುಂಡ ಕಾಸೊಂದನ್ನು ವೃದ್ಧೆಯೊಬ್ಬರು ನನಗೆ ತೋರಿಸಿದರು. ಅವರಿಗೆ ಅಚ್ಯುತರಾಯನ ಹೆಸರು ತಿಳಿದಿರಲಿಲ್ಲ. ಅದು ಅತ್ತೆಯಿಂದ ಸೊಸೆಗೆ ಬಂದ ಹಕ್ಕಿಕಾಸು. ಬಾಣಂತಿಯ ಕೊರಳಿಗೆ ಕಟ್ಟತಕ್ಕದ್ದು. ಕೆಲವು ವರ್ಷಗಳ ಬಳಿಕ ಅಲ್ಲಿಗೆ ಹೋದಾಗ ಕಾಸು ಮಾರಾಟವಾಗಿತ್ತು. ಕೊಂಡವರು ಕೊಂಡಿಯನ್ನು ದೋಷವೆಂದು ಹೇಳಿ ಬೆಲೆ ಇಳಿಸಿದ್ದರಂತೆ.

ಸಂಗ್ರಾಹಕರ ದೃಷ್ಟಿಯಲ್ಲಿ ತೂತು, ಕೊಂಡಿ, ಬೆಸುಗೆಯ ಗುರುತುಗಳು ನಾಣ್ಯದ ಕುಂದುಗಳು. ಜಾನಪದ ಅಧ್ಯಯನಕ್ಕಾದರೋ ಅವೇ ಆಕರಗಳು. ಟಂಕಸಾಲೆಯ ಅಚ್ಚು ನಾಣ್ಯದ ಜನನವನ್ನು ಹೇಳಿದರೆ, ಕೊಂಡಿ ಅದರ ಉಳಿದ ಆಯುಷ್ಯವನ್ನು ಹೇಳುತ್ತದೆ. ಕೊಂಡಿಯನ್ನು ಕಿತ್ತು ಉಜ್ಜಿ ಹೊಳಪು ಕೊಟ್ಟ ನಾಣ್ಯದಿಂದ ತಲೆಮಾರುಗಳ ಸಾಕ್ಷ್ಯ ಅಳಿಸಿಹೋಗುತ್ತದೆ.

ಕಾನೂನಿನ ರಕ್ಷಣೆ ಇಲ್ಲವೆಂದಲ್ಲ. 1878ರ ನಿಧಿ ಕಾಯಿದೆಯು ನೆಲದಲ್ಲಿ ದೊರೆತ, ಹತ್ತು ರೂಪಾಯಿಗೆ ಮೀರಿದ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆನ್ನುತ್ತದೆ. 1972ರ ಪ್ರಾಚ್ಯವಸ್ತು ಕಾಯಿದೆಯು ಖಾಸಗಿಯವರು ಪ್ರಾಚೀನ ವಸ್ತುಗಳನ್ನು ಹೊರದೇಶಕ್ಕೆ ಸಾಗಿಸುವುದನ್ನು ನಿಷೇಧಿಸುತ್ತದೆ. ಆದರೆ ಮನೆಯ ಪೆಟ್ಟಿಗೆಯಿಂದ ಅಂಗಡಿಗೆ ಹೋಗುವ ಕಾಸಿನ ಕಥೆಯನ್ನು ಯಾವ ಕಾಯಿದೆಯೂ ದಾಖಲಿಸಲಾರದು. ಆ ಹೊಣೆ ಸಂಗ್ರಾಹಕರದೂ ವಸ್ತುಸಂಗ್ರಹಾಲಯಗಳದೂ ಆಗಿದೆ. ತೂಕ, ಲೋಹ, ಲಿಪಿಗಳ ಜೊತೆಗೆ ನಾಣ್ಯ ದೊರೆತ ಊರು, ಅದನ್ನು ಧರಿಸುತ್ತಿದ್ದ ಬಗೆ, ಕರೆಯುತ್ತಿದ್ದ ಹೆಸರು ಇವಿಷ್ಟನ್ನು ಪಟ್ಟಿಯಲ್ಲಿ ಬರೆದಿಟ್ಟರೆ ಸಾಕು. ಆಗ ಗಂಡಭೇರುಂಡವು ಅರಸನ ಚರಿತ್ರೆಯೊಂದಿಗೆ ಹಕ್ಕಿಕಾಸು ಕಟ್ಟಿಸಿಕೊಂಡ ಬಾಣಂತಿಯರ ಚರಿತ್ರೆಯನ್ನೂ ಉಳಿಸಿಕೊಡುತ್ತದೆ.