ಹಿಡಿಂಬನ ಹಲ್ಲೂ ಮಾರಡಿಹಳ್ಳಿಯ ಬಂಡೆಯೂ

ಚಿತ್ರದುರ್ಗದ ಏಳು ಸುತ್ತಿನ ಕೋಟೆಯೊಳಗೆ ಹಿಡಿಂಬೇಶ್ವರನ ಗುಡಿಯೊಂದಿದೆ. ಅರಗಿನ ಮನೆಯಿಂದ ಪಾರಾದ ಪಾಂಡವರು ಈ ಬೆಟ್ಟಕ್ಕೆ ಬಂದರೆಂದೂ, ಇಲ್ಲಿ ವಾಸವಾಗಿದ್ದ ಹಿಡಿಂಬಾಸುರನನ್ನು ಭೀಮಸೇನನು ಕೊಂದನೆಂದೂ ಸ್ಥಳಪುರಾಣ ಹೇಳುತ್ತದೆ. ಆ ರಾಕ್ಷಸನ ಹಲ್ಲೆಂದು ಒಂದು ದೊಡ್ಡ ಎಲುಬಿನ ತುಂಡನ್ನೂ, ಭೀಮನ ಭೇರಿಯೆಂದು ಕಬ್ಬಿಣದ ತಗಡಿನ ಭಾರಿ ಉರುಳೆಯೊಂದನ್ನೂ ಈ ಗುಡಿಯಲ್ಲಿ ತೋರಿಸುತ್ತಿದ್ದ ಸಂಗತಿ ಮೈಸೂರು ಸಂಸ್ಥಾನದ ಕಾಲದ ಬರಹಗಳಲ್ಲಿ ದಾಖಲಾಗಿದೆ.

ಇದನ್ನು ಕೇಳಿ ನಗುವವರು ಯೂರೋಪಿನ ಇತಿಹಾಸವನ್ನೂ ಸ್ವಲ್ಪ ನೆನೆಯುವುದು ಒಳ್ಳೆಯದು. 1726ರಲ್ಲಿ ಸ್ವಿಟ್ಸರ್ಲೆಂಡಿನ ವಿದ್ವಾಂಸ ಷಾಯ್ಕ್ಟ್ಸರ್ ಎಂಬಾತನು ಕಲ್ಲಿನಲ್ಲಿ ಅಚ್ಚೊತ್ತಿದ ಅಸ್ಥಿಪಂಜರವೊಂದನ್ನು ಕುರಿತು ಗ್ರಂಥ ಬರೆದು, ಅದು ನೋಹನ ಕಾಲದ ಜಲಪ್ರಳಯದಲ್ಲಿ ಮುಳುಗಿ ಸತ್ತ ಪಾಪಿಯೊಬ್ಬನದೆಂದು ಸಾರಿದನು. 1811ರಲ್ಲಿ ಫ್ರಾನ್ಸಿನ ಕುವ್ಯೆ ಅದನ್ನು ಪರಿಶೀಲಿಸಿದಾಗ, ನೆಲದ ಮೇಲೂ ನೀರಿನಲ್ಲೂ ಬಾಳುವ ಸಾಲಮ್ಯಾಂಡರ್ ಎಂಬ ಪ್ರಾಣಿಯ ಪಳೆಯುಳಿಕೆ ಅದೆಂದು ತಿಳಿದುಬಂತು. ದೊಡ್ಡ ಎಲುಬನ್ನು ಕಂಡ ಮನುಷ್ಯ ಅದಕ್ಕೊಂದು ಕಥೆ ಕಟ್ಟದೆ ಇರಲಾರ. ಅವನ ಬಳಿಯಲ್ಲಿರುವ ದೊಡ್ಡ ಕಥೆ ಮಹಾಭಾರತವಾದರೆ ಎಲುಬು ಹಿಡಿಂಬನದಾಗುತ್ತದೆ. ಬೈಬಲ್ ಆದರೆ ಪ್ರಳಯದ ಪಾಪಿಯದಾಗುತ್ತದೆ.

ಕೋಟೆಯಿಂದ ಇಳಿದು ಆಗ್ನೇಯಕ್ಕೆ ಹದಿನಾರು ಕಿಲೋಮೀಟರಿನಷ್ಟು ಹೋದರೆ ಮಾರಡಿಹಳ್ಳಿ. ಅಲ್ಲಿಯ ಬಂಡೆಗಳನ್ನು ನೋಡಿದವರಿಗೆ ಯಾರೋ ಸಾವಿರಾರು ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ತೋರುತ್ತದೆ. ಸಮುದ್ರದ ತಳದಲ್ಲಿ ಶಿಲಾರಸ ಉಕ್ಕಿದಾಗ ಅದರ ಹೊರಮೈ ನೀರಿನ ತಂಪಿಗೆ ಕೂಡಲೇ ಗಟ್ಟಿಯಾಗುತ್ತದೆ; ಒಳಗಿನ ಬಿಸಿರಸ ಆ ಸಿಪ್ಪೆಯನ್ನು ಒಡೆದುಕೊಂಡು ಮತ್ತೊಂದು ಉಂಡೆಯಾಗಿ ಹೊರಬೀಳುತ್ತದೆ. ಹೀಗೆ ಉಂಡೆಯ ಮೇಲೆ ಉಂಡೆ ಕೂತು ದಿಂಬುಗಳ ರಾಶಿಯಾಗುತ್ತದೆ. ಎಂದರೆ, ಮಳೆಗಾಗಿ ಮುಗಿಲು ನೋಡುವ ಈ ಒಣ ನಾಡು ಒಂದು ಕಾಲದಲ್ಲಿ ಸಮುದ್ರದ ತಳವಾಗಿತ್ತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಈ ಬಂಡೆಗಳ ವಯಸ್ಸನ್ನು ಸುಮಾರು 250 ಕೋಟಿ ವರ್ಷಗಳೆಂದು ಎಣಿಸಿ, ಇವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ.

ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳ ನೆಲದಲ್ಲಿ ಹಾಯ್ದುಹೋಗುವ ಇಂಥ ಪುರಾತನ ಶಿಲೆಗಳ ಪಟ್ಟಿಗಳಿಗೆ ಧಾರವಾಡ ಶಿಲಾವರ್ಗವೆಂಬ ಹೆಸರನ್ನು 1880ರ ದಶಕದಲ್ಲಿ ಕೊಟ್ಟವನು ರಾಬರ್ಟ್ ಬ್ರೂಸ್ ಫೂಟ್. 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆಯನ್ನು ತೆರೆದಾಗ ಅದರ ಮೊದಲ ಮುಖ್ಯಸ್ಥನಾದವನೂ ಅವನೇ. ಡಾರ್ವಿನ್ನನ ಗ್ರಂಥ ಹೊರಬಂದದ್ದು 1859ರಲ್ಲಿ. ಅದಾಗಿ ನಾಲ್ಕು ವರ್ಷಕ್ಕೆ, 1863ರ ಮೇ 30ರಂದು, ಫೂಟ್ ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಮನುಷ್ಯನ ಕಲ್ಲಿನ ಆಯುಧವನ್ನು ಕಂಡುಹಿಡಿದನು. ಮನುಷ್ಯನ ಪ್ರಾಚೀನತೆಗೆ ಈ ದೇಶದ ಮಣ್ಣಿನಿಂದ ಸಾಕ್ಷಿ ಎತ್ತಿಕೊಟ್ಟ ಈತನ ಮಾವ ಪೀಟರ್ ಪರ್ಸಿವಲ್, ಬೈಬಲನ್ನು ತಮಿಳಿಗೆ ತರುವ ಕಾರ್ಯದಲ್ಲಿ ದುಡಿದ ಪಾದ್ರಿ. ಸೃಷ್ಟಿಯ ಕಥೆಯನ್ನು ಅನುವಾದಿಸುವವನೂ ಕಲ್ಲಿನ ಕಥೆಯನ್ನು ಓದುವವನೂ ಒಂದೇ ಕುಟುಂಬದವರಾಗಿದ್ದರು.

ಆದರೆ ಯೂರೋಪಿನಲ್ಲಿ ಈ ಎರಡು ಕಥೆಗಳ ನಡುವೆ ಜಗಳ ಹುಟ್ಟಿದ್ದು ಸುಳ್ಳಲ್ಲ. ಅದರ ಒಂದು ಮೂಲ ಕಾಲದ ಲೆಕ್ಕ. ಹದಿನೇಳನೆಯ ಶತಮಾನದಲ್ಲಿ ಆರ್ಚ್‌ಬಿಷಪ್ ಅಷರ್, ಬೈಬಲಿನ ವಂಶಾವಳಿಗಳನ್ನು ಕೂಡಿ, ಸೃಷ್ಟಿಯಾದದ್ದು ಕ್ರಿಸ್ತಪೂರ್ವ 4004ರಲ್ಲಿ ಎಂದು ಗೊತ್ತುಮಾಡಿದ್ದನು. ಇಷ್ಟು ಕಿರಿದಾದ ಅವಧಿಯಲ್ಲಿ ಜೀವಿಗಳು ಮೆಲ್ಲಮೆಲ್ಲನೆ ಬದಲಾಗಲು ಎಡೆಯೆಲ್ಲಿ? ಧರ್ಮದ ಮಾತಿರಲಿ, 1862ರಲ್ಲಿ ಭೌತವಿಜ್ಞಾನಿ ಕೆಲ್ವಿನ್ ಕೂಡ ಭೂಮಿಗೆ ಎರಡು ಕೋಟಿಯಿಂದ ನಲವತ್ತು ಕೋಟಿ ವರ್ಷಗಳೊಳಗಿನ ವಯಸ್ಸನ್ನಷ್ಟೇ ಕೊಟ್ಟು ಡಾರ್ವಿನ್ನನನ್ನು ಪೇಚಿಗೆ ಸಿಕ್ಕಿಸಿದನು. ವಿಕಿರಣಶೀಲ ಧಾತುಗಳ ಅಧ್ಯಯನ ಬೆಳೆದ ಮೇಲೆ, 1956ರಲ್ಲಿ ಪ್ಯಾಟರ್ಸನ್ ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷವೆಂದು ತೋರಿಸಿದನು.

ನಮ್ಮಲ್ಲಿ ಕಾಲಕ್ಕೆ ಎಂದೂ ಬರವಿರಲಿಲ್ಲ. ಪೂಜೆಗೆ ಕುಳಿತು ಸಂಕಲ್ಪ ಮಾಡುವವನು ಕಲ್ಪ, ಮನ್ವಂತರ, ಯುಗಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾನೆ. ಬ್ರಹ್ಮನ ಒಂದು ಹಗಲೇ 432 ಕೋಟಿ ವರ್ಷ. ಈ ಸಂಖ್ಯೆ ಭೂಮಿಯ ವಯಸ್ಸಿಗೆ ಹತ್ತಿರವಾಗಿದೆಯೆಂದು ಹಿಗ್ಗುವವರುಂಟು. ಆದರೆ ಪುರಾಣದ ಸಂಖ್ಯೆ ಯುಗಗಳ ಗುಣಾಕಾರದಿಂದ ಬಂದದ್ದು, ವಿಜ್ಞಾನದ ಸಂಖ್ಯೆ ಕಲ್ಲಿನ ಅಳತೆಯಿಂದ ಬಂದದ್ದು. ಎರಡು ದಾರಿಗಳು ಒಂದು ಕಡೆ ಹತ್ತಿರ ಸುಳಿದ ಮಾತ್ರಕ್ಕೆ ಒಂದೇ ಊರಿಗೆ ಹೋಗುತ್ತವೆಂದು ಹೇಳಲಾಗದು.

ಇಂಥದೇ ಇನ್ನೊಂದು ಸಮಾಧಾನ ದಶಾವತಾರದ್ದು. ಮತ್ಸ್ಯ, ಕೂರ್ಮ, ವರಾಹ, ನರಸಿಂಹ, ವಾಮನ ಎಂಬ ಕ್ರಮದಲ್ಲಿ ಡಾರ್ವಿನ್ನನ ತತ್ತ್ವವೇ ಅಡಗಿದೆಯೆಂಬ ಮಾತನ್ನು ಥಿಯಾಸಫಿಯ ಬ್ಲಾವಟ್‌ಸ್ಕಿ 1877ರಷ್ಟು ಹಿಂದೆಯೇ ಮುದ್ರಿಸಿದ್ದಳು. ಅಂದಿನಿಂದ ಅದು ಭಾಷಣಗಳಲ್ಲಿ ಬಾಳುತ್ತ ಬಂದಿದೆ. ಹೋಲಿಕೆ ರಮ್ಯವಾದುದು. ಆದರೆ ಅವತಾರಗಳಲ್ಲಿ ಒಬ್ಬನೇ ದೇವರು ಬೇರೆ ಬೇರೆ ರೂಪ ಧರಿಸುತ್ತಾನೆ, ಒಂದು ಉದ್ದೇಶಕ್ಕಾಗಿ ಇಳಿದುಬರುತ್ತಾನೆ. ಡಾರ್ವಿನ್ನನ ಮೀನು ಯಾವ ಉದ್ದೇಶವನ್ನೂ ಹೊತ್ತು ಬಂದುದಲ್ಲ. ಮರಿಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳಿರುತ್ತವೆ, ಸನ್ನಿವೇಶಕ್ಕೆ ಹೊಂದಿದವು ಹೆಚ್ಚು ಸಂತಾನವನ್ನು ಬಿಟ್ಟುಹೋಗುತ್ತವೆ. ಅವನ ವಾದದ ತಿರುಳು ಇಷ್ಟೇ.

ಭಾಷೆಯ ವಿದ್ಯಾರ್ಥಿಗೆ ಇಲ್ಲಿ ಎರಡು ಶಬ್ದಗಳು ಎದುರು ನಿಲ್ಲುತ್ತವೆ. 'ಸೃಷ್ಟಿ' ಎಂಬುದರ ಧಾತುವಿಗೆ ಹೊರಬಿಡು, ಹರಿಯಬಿಡು ಎಂಬ ಅರ್ಥವಿದೆ. ಇಲ್ಲದುದನ್ನು ಹೊಸದಾಗಿ ಮಾಡುವುದು ಎಂದೇ ಅಲ್ಲ. ಋಗ್ವೇದದ ನಾಸದೀಯ ಸೂಕ್ತ ಜಗತ್ತು ಎಲ್ಲಿಂದ ಬಂತೆಂದು ಕೇಳಿ, ಉತ್ತರವನ್ನು ಸಂದೇಹದಲ್ಲೇ ಬಿಡುತ್ತದೆ. ನಮ್ಮ ಶರಣರ ಸೃಷ್ಟಿಯ ವಚನಗಳೂ ಶೂನ್ಯದಿಂದ ಹೊರಡುತ್ತವೆ. 'ವಿಕಾಸ'ವೆಂದರೆ ಅರಳುವುದು. ಮೊಗ್ಗು ಹೂವಾಗುವುದು ಮೊದಲೇ ಗೊತ್ತಾದ ಸಂಗತಿಯಾದ್ದರಿಂದ, ಜೀವವಿಕಾಸ ಎಂದೊಡನೆ ಓದುಗನಿಗೆ ಮನುಷ್ಯನೇ ಆ ಹೂವೆಂಬ ಭಾವನೆ ಬಂದುಬಿಡುತ್ತದೆ. ಡಾರ್ವಿನ್ ಹೇಳಿದ್ದು ಹೀಗಲ್ಲ. ಅವನ ಚಿತ್ರ ಕವಲೊಡೆಯುವ ಮರದ್ದು. ಆ ಮರದಲ್ಲಿ ಮನುಷ್ಯ ಒಂದು ರೆಂಬೆ, ಕೋತಿ ಇನ್ನೊಂದು. ಇಂದಿನ ಕೋತಿ ನಮ್ಮ ಅಜ್ಜನಲ್ಲ, ದಾಯಾದಿ. ಕಾಲದ ವಿಷಯದಲ್ಲಿ ಹುಟ್ಟದ ಜಗಳ ನಮ್ಮಲ್ಲಿ ಹುಟ್ಟುವುದು ಈ ದಾಯಾದಿತನದಲ್ಲಿ.

ಡಾರ್ವಿನ್ನನಿಗೂ ಒಂದು ಸಂಕಟವಿತ್ತು. ಆ ಕಾಲಕ್ಕೆ ತಿಳಿದಿದ್ದ ಅತಿ ಹಳೆಯ ಪಳೆಯುಳಿಕೆಗಳ ಸ್ತರದಲ್ಲಿ ಜೀವಿಗಳು ಒಮ್ಮೆಲೇ ಕಾಣಿಸಿಕೊಳ್ಳುತ್ತಿದ್ದವು. ಅದರ ಕೆಳಗಿನ ಶಿಲೆಗಳು ಬರಿದಾಗಿದ್ದವು. ಇದಕ್ಕೆ ತೃಪ್ತಿಕರ ಉತ್ತರ ತನ್ನಲ್ಲಿಲ್ಲವೆಂದು ಅವನು ಗ್ರಂಥದಲ್ಲೇ ಒಪ್ಪಿಕೊಂಡನು. ಅಂಥ ಉತ್ತರದ ಒಂದು ಅಂಶ ಚಿತ್ರದುರ್ಗದ ಶಿಲಾಪಟ್ಟಿಯಲ್ಲಿತ್ತು. ನಿರ್ಜೀವವೆಂದು ಎಣಿಸಿದ್ದ ಈ ಶಿಲೆಗಳ ನಡುವಣ ಸುಣ್ಣಕಲ್ಲಿನ ಪದರಗಳಲ್ಲಿ, 1980ರ ದಶಕದಲ್ಲಿ, ಸ್ಟ್ರೊಮ್ಯಾಟೊಲೈಟ್ ಎಂಬ ರಚನೆಗಳು ವರದಿಯಾದವು. ಆಳವಿಲ್ಲದ ನೀರಿನಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಚಾಪೆಯಂತೆ ಹರಡಿ, ಪದರದ ಮೇಲೆ ಪದರ ಕಟ್ಟಿ ಬಿಟ್ಟುಹೋದ ಗುರುತುಗಳಿವು. ಇಂಥ ಜೀವಿಗಳೇ ಬಿಸಿಲನ್ನು ಉಂಡು ಆಮ್ಲಜನಕವನ್ನು ಬಿಡುತ್ತ, ಮುಂದೆ ಬರಲಿದ್ದ ಪ್ರಾಣಿಗಳಿಗೆ ಗಾಳಿಯನ್ನು ಸಿದ್ಧಗೊಳಿಸಿದವು. ನಾವು ಇಂದು ಎಳೆಯುವ ಉಸಿರಿನಲ್ಲಿ ಅವುಗಳ ದುಡಿಮೆಯ ಪಾಲಿದೆ.

ಇದು ಪಂಡಿತರ ಚರ್ಚೆಗೆ ಮಾತ್ರ ಸೇರಿದ ವಿಷಯವಲ್ಲ. 2018ರ ಜನವರಿಯಲ್ಲಿ ಕೇಂದ್ರದ ರಾಜ್ಯಸಚಿವರೊಬ್ಬರು, ಕೋತಿ ಮನುಷ್ಯನಾದದ್ದನ್ನು ಯಾರೂ ಕಂಡಿಲ್ಲವಾದ್ದರಿಂದ ಡಾರ್ವಿನ್ನನ ವಾದ ತಪ್ಪೆಂದೂ, ಪಠ್ಯವನ್ನು ಬದಲಿಸಬೇಕೆಂದೂ ಹೇಳಿದಾಗ, ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಆ ಮಾತನ್ನು ತಳ್ಳಿಹಾಕಿದವು. 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ಪುಸ್ತಕದಿಂದ ವಿಕಾಸದ ಭಾಗ ಹೊರಬಿದ್ದಿತು. ಸಾವಿರದ ಎಂಟುನೂರಕ್ಕೂ ಹೆಚ್ಚು ವಿಜ್ಞಾನಿಗಳೂ ಅಧ್ಯಾಪಕರೂ ಅದನ್ನು ವಿರೋಧಿಸಿ ಸಹಿ ಹಾಕಿದರು. ಹನ್ನೆರಡನೆಯ ತರಗತಿಯಲ್ಲಿ ಅದು ಇದ್ದೇ ಇದೆಯೆಂಬ ಸಮಜಾಯಿಷಿ ಬಂತು. ಆದರೆ ಅಲ್ಲಿ ಅದು ಸಿಕ್ಕುವುದು ಜೀವವಿಜ್ಞಾನವನ್ನು ಆರಿಸಿಕೊಂಡವರಿಗೆ ಮಾತ್ರ. ಹತ್ತಕ್ಕೆ ಓದು ನಿಲ್ಲಿಸಿದ ಹುಡುಗಿಗೂ, ವಾಣಿಜ್ಯ ಹಿಡಿದ ಹುಡುಗನಿಗೂ ತಾವು ಎಲ್ಲಿಂದ ಬಂದೆವೆಂಬ ಪಾಠ ಇನ್ನು ಸಿಕ್ಕುವುದಿಲ್ಲ.

ಹಿಡಿಂಬನ ಹಲ್ಲನ್ನು ಗುಡಿಯಿಂದ ಹೊರಗೆ ಎಸೆಯಬೇಕೆಂದು ಯಾರೂ ಹೇಳುವುದಿಲ್ಲ. ಆ ಕಥೆ ಈ ಬೆಟ್ಟಕ್ಕೆ ಹೆಸರನ್ನೂ ನೆನಪನ್ನೂ ಕೊಟ್ಟಿದೆ; ಬದುಕಿನಲ್ಲಿ ಏನನ್ನು ಪೂಜಿಸಬೇಕು, ಯಾವುದಕ್ಕೆ ಅಂಜಬೇಕು ಎಂಬುದನ್ನು ಕಲ್ಲು ಹೇಳಲಾರದು, ಕಥೆ ಹೇಳಬಲ್ಲದು. ಆದರೆ ಎಲುಬು ಯಾವ ಪ್ರಾಣಿಯದು, ಬಂಡೆಗೆ ಎಷ್ಟು ವಯಸ್ಸು ಎಂದು ಮಗು ಕೇಳಿದಾಗ ಕಥೆಯನ್ನು ಉತ್ತರವಾಗಿ ಕೊಡುವುದು ಆ ಕಥೆಗೂ ಮಗುವಿಗೂ ಮಾಡುವ ಅನ್ಯಾಯ. ಕೋಟೆ ನೋಡಲು ಮಕ್ಕಳನ್ನು ಕರೆತರುವ ಉಪಾಧ್ಯಾಯರು ಒನಕೆ ಓಬವ್ವನ ಕಿಂಡಿಯನ್ನು ತೋರಿಸಿ ಹಿಂದಿರುಗುವಾಗ, ಇನ್ನೊಂದು ಗಂಟೆ ಬಿಡುವು ಮಾಡಿಕೊಂಡು ಮಾರಡಿಹಳ್ಳಿಯ ಬಂಡೆಗಳ ಮೇಲೂ ಅವರನ್ನು ಕೂರಿಸಿದರೆ ಒಳಿತು.